ಆನೆ ನೋಡಲು ಬಂದ ಜನ

ಹೊಸೂರಿನ ಹತ್ತಿರದ ನಮ್ಮೂರ ಕಡೆ ಆನೆ ಬರುವುದು ಹೊಸದಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ ಕಾಡು ಹಾಯ್ದುಕೊಂಡು ನಮ್ಮ ಮಗ್ಗುಲ ಸಾನಮಾವು ಕಾಡಿನವರೆಗೂ ಬರುತ್ತವೆ. ಒಂದೆರಡು ಹೊಲ ತಿನ್ನುತ್ತವೆ, ಒಂದೆರಡು ತುಳಿಯುತ್ತವೆ. ನಾವು ಬೈದುಕೊಳ್ಳುತ್ತೇವೆ, ಪಟಾಕಿ ಹೊಡೆಯುತ್ತೇವೆ, ಫಾರೆಸ್ಟಿನವರು ಬಂದು ಓಡಿಸುತ್ತಾರೆ. ನಾನು ಸೊಸೆಯಾಗಿ ಬಂದ ವರ್ಷವೇ ಹೊಲದ ಬದುವಿನ ಮೇಲೆ ಮೊರದಗಲದ ಹೆಜ್ಜೆ ನೋಡಿದ್ದೆ. ಆನೆ ಎಂದರೆ ಭಯ ಇತ್ತು, ಆದರೆ ಅದು ಪರಿಚಯದ ಭಯ. ಕೆಲವು ವರ್ಷದ ಹಿಂದಿನ ಆ ಭಾನುವಾರ ನಾನು ಕಂಡದ್ದಕ್ಕೆ ಮಾತ್ರ ಯಾವ ಪರಿಚಯವೂ ಇರಲಿಲ್ಲ.

ನಮ್ಮ ಮನೆ ಕೆರೆ ಏರಿಯ ಕೆಳಗೇ ಇದೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ. ಯಜಮಾನರು ಹೊಲ, ದನ ನೋಡಿಕೊಳ್ಳುತ್ತಾರೆ. ನಾನು ಹತ್ತಿರದ ಗುಲಾಬಿ ತೋಟದಲ್ಲಿ, ಪ್ಲಾಸ್ಟಿಕ್ ಚಪ್ಪರದ ಕೆಳಗೆ ಹೂ ಕತ್ತರಿಸುವ ಕೆಲಸಕ್ಕೆ ಹೋಗುತ್ತೇನೆ. ಮೈದುನ ಹೊಸೂರಿನ ಆಲಸನತ್ತಂನಲ್ಲಿ ಹೆಂಡತಿ, ಪುಟ್ಟ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದಾನೆ. ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಭಾನುವಾರ ರಜೆ ಸಿಕ್ಕಿದರೆ ಊರಿಗೆ ಬರುತ್ತಾನೆ. ಅವನು ಬರುವ ದಿನ ಅತ್ತೆ ಬೆಳಗ್ಗೆಯೇ ಅವರೆಕಾಯಿ ಬಿಡಿಸಿಕೊಂಡು ಕೂರುತ್ತಾರೆ. ಹಿರಿಮಗನಿಗೆ ಹುರುಳಿ ಸಾರಾದರೂ ನಡೆಯುತ್ತದೆ, ಕಿರಿಮಗನಿಗೆ ಮಾತ್ರ ಅವರೆಕಾಳು ಹುಳಿಯೇ ಆಗಬೇಕು.

ಆ ಭಾನುವಾರ ಯಜಮಾನರು ಡೈರಿಗೆ ಹಾಲು ಹಾಕಿ ಬಂದವರು ಕ್ಯಾನು ಕೆಳಗಿಡುತ್ತಲೇ ಹೇಳಿದರು, "ಕೆರೇಲಿ ಆನೆ ಅವೆ. ದೊಡ್ಡವು ಎಲ್ಡು, ಒಂದು ಮರಿ. ಬೆಳಕು ಹರೀತು ಅಂತ ವಾಪಸ್ ಹೋಗಾಕಾಗ್ದೆ ನೀರಲ್ಲೇ ಉಳ್ಕಂಡವೆ."

ಏರಿ ಹತ್ತಿ ನೋಡಿದೆ. ಕೆರೆಯ ನಡುವೆ ಎರಡು ಬೆನ್ನು ಕಾಣುತ್ತಿದ್ದವು. ನಡುವೆ ಒಂದು ಪುಟ್ಟ ತಲೆ ಮುಳುಗಿ ಏಳುತ್ತಿತ್ತು. ಸುಳ್ಳು ಹೇಳಬಾರದು, ನೋಡಲು ಚೆನ್ನಾಗಿತ್ತು. ಮರಿ ಸೊಂಡಿಲನ್ನು ಏನು ಮಾಡಬೇಕೆಂದು ಇನ್ನೂ ಕಲಿತಿರಲಿಲ್ಲ. ನೀರನ್ನು ಸುಮ್ಮನೆ ಬಡಿಯುತ್ತಿತ್ತು.

ಫಾರೆಸ್ಟಿನ ವಾಚರ್ ಒಬ್ಬ ಅಷ್ಟರಲ್ಲೇ ಬಂದಿದ್ದ. ನಾಟ್ರಾಂಪಾಳ್ಯದ ಕಡೆಯವನು, ನಮ್ಮ ಕನ್ನಡವನ್ನೇ ಆಡುತ್ತಾನೆ. "ಅಕ್ಕಾ, ಯಾರೂ ಹತ್ರ ಹೋಗ್ದಂಗೆ ನೋಡ್ಕಳ್ಳಿ. ಬಿಸ್ಲು ಇಳಿಯೋಗಂಟ ಅವು ನೀರಲ್ಲೇ ಇರ್ತವೆ. ಸಂಜೆ ಮುಂದ ನಾವೇ ಕಾಡಿನ್ ಕಡಿಗೆ ತಿರುಗಿಸ್ತೀವಿ. ಗಲಾಟೆ ಇಲ್ದಿದ್ರೆ ಯಾರ್ಗೂ ಏನೂ ಆಗಲ್ಲ" ಅಂದ.

ಗಲಾಟೆ ಎಲ್ಲಿಂದ ಬರುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ಊರಿನ ನಾಲ್ಕು ಜನ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ ಅಂದುಕೊಂಡೆ. ದನಕ್ಕೆ ಹುಲ್ಲು ಹಾಕುತ್ತಿದ್ದಾಗ ಮೈದುನನ ಫೋನ್ ಬಂತು.

"ಅತ್ಗೆ, ನಮ್ ಕೆರೇಲಿ ಆನೆ ಬಂದವಂತೆ! ನಮ್ ಫ್ಯಾಕ್ಟ್ರಿ ಗ್ರೂಪಲ್ಲಿ ವೀಡಿಯೊ ಬಂದೈತೆ. ಮಗೂನ ಕರ್ಕಂಡ್ ಬತ್ತಾ ಇದೀನಿ."

"ಬರ್ಬೇಡಪ್ಪಾ ಇವತ್ತು. ವಾಚರ್ ಬ್ಯಾಡ ಅಂತವ್ನೆ" ಅಂದೆ.

"ಏನ್ ಅತ್ಗೆ ನೀವು! ಇದ್ನ ನೋಡಾಕೆ ಜನ ಕಾಡಿಗೆ ಟಿಕೆಟ್ ತಗಂಡ್ ಹೋಯ್ತಾರೆ. ನಮ್ಗೆ ಮನೆ ಬಾಗ್ಲಲ್ಲೇ ಬಂದವೆ."

ಅವನು ಬರುವಷ್ಟರಲ್ಲಿ ಅವನೊಬ್ಬನೇ ಬರುತ್ತಿಲ್ಲ ಎಂದು ಗೊತ್ತಾಗಿತ್ತು. ಮೊದಲು ಬೈಕುಗಳು ಬಂದವು, ಆಮೇಲೆ ಕಾರುಗಳು. ಹೊಸೂರು ನಂಬರಿನವು, ಕೃಷ್ಣಗಿರಿ ನಂಬರಿನವು, ಗಡಿ ಆಚೆಯ ಬೆಂಗಳೂರಿನ ನಂಬರಿನವು. "ಏನುಗು ಎಕ್ಕಡ?", ಆನೆ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿಕೊಂಡು ಒಂದು ಗುಂಪು ನಮ್ಮ ಅಂಗಳದಲ್ಲೇ ಹಾಯ್ದು ಹೋಯಿತು. ಒಣಗಲು ಹರವಿದ್ದ ಅವರೆಕಾಳಿನ ಮೇಲೆ ಚಪ್ಪಲಿ ಕಾಲಲ್ಲಿ ನಡೆದರು. ಮಧ್ಯಾಹ್ನದ ಹೊತ್ತಿಗೆ ಏರಿಯ ಮೇಲೆ ಚುರುಮುರಿ ಗಾಡಿ ಬಂತು. ಐಸ್‌ಕ್ರೀಂ ಗಾಡಿ ಬಂತು. ಬಲೂನು ಮಾರುವವನು ಬಂದ. ಅವನನ್ನು ನೋಡಿ ನಾನು ನಿಂತಲ್ಲೇ ನಿಂತುಬಿಟ್ಟೆ. ಆನೆ ಸಿಕ್ಕಿಬಿದ್ದಿರುವ ಸುದ್ದಿ ಬಲೂನಿನವನ ತನಕ ಮುಟ್ಟಿತೆಂದರೆ ಇನ್ನು ಯಾರಿಗೆ ಮುಟ್ಟಿಲ್ಲ?

ಅರ್ಧ ಹೊಲ ಕೊಯ್ದು ಕಣದಲ್ಲಿ ಮೆದೆ ಹಾಕಿದ್ದೆವು, ಅರ್ಧ ಇನ್ನೂ ನಿಂತಿತ್ತು. ಮೆದೆಯ ಮೇಲೆ ಆರೇಳು ಹುಡುಗರು ಹತ್ತಿ ಕೂತಿದ್ದರು. "ಇಳೀರಪ್ಪಾ, ಅದು ತೆನೆ" ಎಂದರೆ "ಒಂದೈದ್ ನಿಮಿಷ ಆಂಟಿ" ಎಂದು ನಕ್ಕರು. ನಿಂತ ರಾಗಿಯ ನಡುವೆ ಆಗಲೇ ಕಾಲುದಾರಿ ಬಿದ್ದಿತ್ತು. ಯಜಮಾನರು ಒಂದು ಕಡೆ ಅಡ್ಡ ನಿಂತರೆ ಜನ ಇನ್ನೊಂದು ಕಡೆ ನುಗ್ಗುತ್ತಿದ್ದರು.

ಫಾರೆಸ್ಟಿನವರು ಒಂದು ಕೈಯ ಬೆರಳುಗಳಷ್ಟು ಜನವೂ ಇರಲಿಲ್ಲ. ಜೀಪಿನ ಮೈಕಿನಲ್ಲಿ "ಎಲ್ಲಾರುಂ ಪಿನ್ನಾಡಿ ಪೋಂಗ, ಪಿನ್ನಾಡಿ ಪೋಂಗ" ಎಂದು ಹಿಂದೆ ಸರಿಯಲು ತಮಿಳಿನಲ್ಲಿ ಕೂಗಿ ಕೂಗಿ ಅವರ ಗಂಟಲು ಬಿದ್ದುಹೋಗಿತ್ತು. ಏರಿಯ ಉದ್ದಕ್ಕೂ ಒಂದು ಹಗ್ಗ ಕಟ್ಟಿದ್ದರು. ಮಕ್ಕಳು ಅದರಲ್ಲಿ ಉಯ್ಯಾಲೆ ಆಡುತ್ತಿದ್ದರು. ವಾಚರ್ ನನ್ನ ಹತ್ತಿರ ನೀರು ಕೇಳಿ ಕುಡಿದು ಹೇಳಿದ, "ಬನ್ನೇರುಘಟ್ಟ ಪಾರ್ಕ್ ಒಳಗಾದ್ರೆ ಗೇಟ್ ಐತಕ್ಕಾ. ಇಷ್ಟೇ ಗಾಡಿ ಬುಡ್ಬೇಕು, ಇಷ್ಟು ದೂರದಲ್ಲೇ ನಿಲ್ಲಿಸ್ಬೇಕು, ಇಳಿಯಂಗಿಲ್ಲ ಅಂತ ರೂಲ್ಸ್ ಐತೆ. ಇಲ್ಲಿ ಗೇಟ್ ಎಲ್ಲೈತೆ? ಆನೆ ಗೇಟ್ ದಾಟ್ಕಂಡ್ ಬಂದ್ಬುಟ್ಟವೆ, ರೂಲ್ಸು ಅಲ್ಲೇ ಉಳ್ಕಂಡೈತೆ."

ಆನೆಗಳು ಹೊರಗೆ ಬರಲು ನೋಡಿದವು. ಮೊದಲು ತೂಬಿನ ಕಡೆ ಬಂದವು. ಅಲ್ಲಿದ್ದವರೆಲ್ಲ ಓ ಎಂದು ಕೂಗಿ ಶಿಳ್ಳೆ ಹಾಕಿದರು, ಅವು ತಿರುಗಿದವು. ನೀಲಗಿರಿ ತೋಪಿನ ಕಡೆ ಹೋದವು. ಅಲ್ಲೂ ಜನ. ಮತ್ತೆ ನಡುನೀರಿಗೆ ಬಂದವು. ತಲೆಯ ಮೇಲೆ ಡ್ರೋನ್ ಒಂದು ಜೇನಿನ ಹಾಗೆ ಗುಂಯ್ ಎಂದು ಸುತ್ತುತ್ತಿತ್ತು. ಅದು ಕೆಳಗಿಳಿದಾಗಲೆಲ್ಲ ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡು ಮುಳುಗಿಬಿಡುತ್ತಿತ್ತು. ಬೆಳಗ್ಗೆ ನೀರು ಬಡಿಯುತ್ತ ಆಡಿದ ಮರಿ ಈಗ ಆಡುತ್ತಿರಲಿಲ್ಲ. ಅದರ ತಲೆ ನೀರಿನ ಮೇಲೆ ನಿಲ್ಲುವಂತೆ ತಾಯಿ ಸೊಂಡಿಲಿನಿಂದ ಎತ್ತಿ ಹಿಡಿದಿತ್ತು.

ನನ್ನ ಪಕ್ಕದಲ್ಲೇ ಒಬ್ಬರು ಬಗ್ಗಿ ಕಲ್ಲೆತ್ತಿಕೊಂಡು ನೀರಿಗೆ ಬೀಸಿದರು. ತಿರುಗಿ ನೋಡಿದೆ. ಡೈರಿಯ ಮುಂದೆ ದಿನಾ ನನ್ನನ್ನು ಮಾತಾಡಿಸುವ ನಮ್ಮೂರಿನ ದೊಡ್ಡ ಮನುಷ್ಯರೇ. ಅವರ ಮನೆಯ ಹಸು ಕರು ಹಾಕುವಾಗ ಕಷ್ಟವಾಯಿತೆಂದು ಬೆಳಗಾಗುವ ತನಕ ಕೊಟ್ಟಿಗೆಯಲ್ಲೇ ಕೂತಿದ್ದ ಮನುಷ್ಯರು.

"ಯಾಕಣ್ಣಾ?" ಅಂದೆ.

"ಮರಿ ಸರ್ಯಾಗ್ ಕಾಣಾಕಿಲ್ಲ ಕಣಮ್ಮ. ಸ್ವಲ್ಪ ಈ ಕಡಿಗ್ ತಿರುಗ್ಲಿ ಅಂತ" ಎಂದು ನಕ್ಕರು. ಆ ನಗುವಿನಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ಅದನ್ನು ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅದೇ ಹೊತ್ತಿಗೆ ಮೈದುನ ಬಂದ. ಗಾಡಿಯನ್ನು ದೂರದಲ್ಲೇ ಬಿಟ್ಟು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆವರುತ್ತ ಬಂದ. ಮಗು ಹಳದಿ ಫ್ರಾಕು ಹಾಕಿಕೊಂಡು ಕೈಯಲ್ಲಿ ಬಲೂನು ಹಿಡಿದಿತ್ತು. ಅವನ ಹೆಂಡತಿ ನಮ್ಮ ಮನೆಯ ಜಗಲಿಯಲ್ಲೇ ಉಳಿದಿದ್ದಳು. "ಅತ್ಗೆ, ಇಲ್ಲಿಂದ ಏನ್ ಕಾಣ್ತದೆ?" ಎಂದು ಹಗ್ಗದ ಕೆಳಗೆ ನುಸುಳಿ ತೂಬಿನ ಪಕ್ಕದ ದಿಣ್ಣೆಗೆ ಇಳಿದ. ಅದು ಕೆರೆಯೊಳಕ್ಕೆ ಚಾಚಿಕೊಂಡಿರುವ ಒಂದು ತುಂಡು ನೆಲ. ಬಟ್ಟೆ ಒಗೆಯಲು ನಾವು ಅಲ್ಲೇ ಇಳಿಯುತ್ತೇವೆ. ಅವನ ಹಿಂದೆ ಇನ್ನಷ್ಟು ಜನ ಇಳಿದರು. ವಾಚರ್ "ಏಯ್! ಏಯ್!" ಎಂದು ಓಡಿ ಬರುವಷ್ಟರಲ್ಲಿ ಮೈದುನ ಆನೆಗೆ ಬೆನ್ನು ತಿರುಗಿಸಿ, ಮಗುವಿನ ಮುಖವೂ ಹಿಂದಿನ ಆನೆಯೂ ಬರುವ ಹಾಗೆ ಫೋನು ಎತ್ತಿ ಹಿಡಿದಿದ್ದ.

ಅತ್ತೆ ಏರಿಯ ಮೇಲೆ ನನ್ನ ಹಿಂದೆಯೇ ಇದ್ದರು. "ಲೋ, ಬಾರ್ಲಾ ಮ್ಯಾಕೆ! ಮಗೀನ್ ಎತ್ಕಂಡು ಎಲ್ಲಿಗ್ಲಾ ಹೋಗಿದ್ದೀ?" ಎಂದು ಕೂಗುತ್ತ ಇಳಿಜಾರಿನಲ್ಲಿ ಇಳಿದೇಬಿಟ್ಟರು. ನಾನು ಕೈ ಹಿಡಿಯಲು ಹೋದೆ, ಸೆರಗಷ್ಟೇ ಸಿಕ್ಕಿತು.

ತಾಯಾನೆ ಕಿವಿ ಅಗಲ ಮಾಡಿತು. ನಾನು ಕೇಳಿದ ಆ ಕೂಗನ್ನು ಯಾವುದಕ್ಕೆ ಹೋಲಿಸಲಿ? ಕಾಲ ಕೆಳಗಿನ ಏರಿಯೇ ನಡುಗಿತು. ನೀರನ್ನು ಎರಡು ಪಾಲು ಮಾಡಿಕೊಂಡು ಅದು ದಿಣ್ಣೆಯ ಕಡೆ ನುಗ್ಗಿತು.

ಎಲ್ಲರೂ ಒಟ್ಟಿಗೆ ಓಡಿದರು. ಮೇಲಿನವರು ಕೆಳಗೆ ನೂಕಿದರು, ಕೆಳಗಿನವರು ಮೇಲಕ್ಕೆ ನುಗ್ಗಿದರು. ಅತ್ತೆ ಇಳಿಜಾರಿನ ನಡುವೆ ಬಿದ್ದರು. ನಾನು ಅವರಿಂದ ಒಂದು ಮಾರು ದೂರದಲ್ಲಿದ್ದೆ. ಮೈದುನ ಮಗುವನ್ನು ಎದೆಗೆ ಅವುಚಿಕೊಂಡು, ಕಣ್ಣು ಮೇಲಕ್ಕೆ ನೆಟ್ಟು ಓಡಿ ಬಂದ. ಅವನ ಬೂಟುಗಾಲು ಅತ್ತೆಯ ಮೊಣಕಾಲಿನ ಮೇಲೆ ಬಿತ್ತು. ಅದರ ಮೇಲೆ ಭಾರ ಹಾಕಿ ಅವನು ಮೇಲೆ ಹತ್ತಿ ಹೋದ. ಕೆಳಗೆ ನೋಡಲಿಲ್ಲ. ಅವನ ಹಿಂದೆ ಇನ್ನೆಷ್ಟು ಕಾಲುಗಳು ಬಂದವೋ ನಾನು ಹೇಳಲಾರೆ. ನಾನು ಕಿರುಚುತ್ತಿದ್ದೆನಂತೆ, ಆಮೇಲೆ ಬೇರೆಯವರು ಹೇಳಿದರು. ನನಗೆ ನನ್ನ ದನಿ ಕೇಳಲಿಲ್ಲ.

ಆನೆ ಮೊಣಕಾಲುದ್ದ ನೀರಿಗೆ ಬಂದು ನಿಂತಿತು. ದಡಕ್ಕೆ ಹತ್ತಲೇ ಇಲ್ಲ. ಒಮ್ಮೆ ಸೊಂಡಿಲಿನಿಂದ ಕೆಸರು ಎರಚಿ, ತಿರುಗಿ ಮರಿಯ ಹತ್ತಿರ ಹೋಯಿತು.

ನಾನು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಾಲು ಇರಬಾರದ ಕಡೆಗೆ ತಿರುಗಿತ್ತು. ಓಡಿಹೋದವರು ಆಗಲೇ ವಾಪಸ್ ಬರುತ್ತಿದ್ದರು, ಫೋನು ಹಿಡಿದುಕೊಂಡು. "ಆನೆ ತುಳಿದ್ಬುಡ್ತು, ಆನೆ ತುಳಿದ್ಬುಡ್ತು" ಎಂದು ಒಬ್ಬರಿಂದ ಒಬ್ಬರಿಗೆ ಮಾತು ಹಬ್ಬಿತು. ಯಾರೋ ನನ್ನ ಮುಖದ ಹತ್ತಿರಕ್ಕೇ ಫೋನು ತಂದು, "ಹೇಗಾಯ್ತು ಹೇಳಿ ಮೇಡಂ" ಅಂದರು. ಯಜಮಾನರು ಜನ ಸೀಳಿಕೊಂಡು ಬಂದು ಆ ಕೈಯನ್ನು ತಳ್ಳಿದರು. ನಮ್ಮ ಮನುಷ್ಯರು ಇಷ್ಟೇನಾ ಅನ್ನುವ ಒಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಹಾಲಿನ ಟೆಂಪೋದಲ್ಲಿ ಅತ್ತೆಯನ್ನು ಮಲಗಿಸಿಕೊಂಡು ಹೊರಟರೆ ದಾರಿಯೇ ಇಲ್ಲ. ಮೇನ್ ರೋಡಿನವರೆಗೂ ಎರಡು ಬದಿ ಗಾಡಿ ನಿಲ್ಲಿಸಿಬಿಟ್ಟಿದ್ದರು. ಯಜಮಾನರು ಮುಂದೆ ನಡೆದು ಒಂದೊಂದೇ ಬೈಕು ಎತ್ತಿ ಪಕ್ಕಕ್ಕಿಡಬೇಕಾಯಿತು. ಅತ್ತೆ ಒಂದು ಸಲವೂ ಅಳಲಿಲ್ಲ. "ಮಗೀಗ್ ಏನೂ ಆಗಿಲ್ವಾ?" ಎಂದು ಕೇಳಿದರು. ಇಲ್ಲ ಅಂದೆ. ಕಣ್ಣು ಮುಚ್ಚಿಕೊಂಡರು.

ಹೊಸೂರಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಸುದ್ದಿ ಮೊದಲೇ ಗೊತ್ತಿತ್ತು. ನರ್ಸಮ್ಮ "ಯಾನೈ ಮಿದಿಚ್ಚದಾ?" ಎಂದು ಕೇಳಿದಳು, ಆನೆ ತುಳಿಯಿತಾ ಎಂದು. ಅತ್ತೆ ಕಣ್ಣು ಬಿಟ್ಟು, "ಇಲ್ಲ ಕಣವ್ವ. ಜನ" ಅಂದರು. ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ನಾನು ತಮಿಳಿನಲ್ಲಿ ಹೇಳಿದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಕೆಲಸಕ್ಕೆ ತೊಡಗಿದಳು.

ಮೈದುನ ಮಗುವನ್ನು ಹೆಂಡತಿಗೆ ಒಪ್ಪಿಸಿ ಓಡಿ ಬಂದ. ಅವ್ವನ ಕಾಲಿನ ಹತ್ತಿರ ಕುಕ್ಕರಿಸಿ ಗೊಳೋ ಎಂದು ಅತ್ತ. "ಆ ಹಾಳಾದ್ ಆನೇನ ಹೊಡ್ದಾಕ್ಬೇಕು ಅವ್ವಾ" ಅಂದ. ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. ಅತ್ತೆಯ ಬೆರಳುಗಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು. ನೋವಾಗುವಷ್ಟು ಬಿಗಿಯಾಗಿ.

ಅವನು ಟೀ ತರಲು ಹೋದಾಗ ಕೇಳಿದರು, "ನೀನ್ ನೋಡ್ದ್ಯಾ?"

"ನೋಡ್ದೆ ಅತ್ತೆ."

"ಅವ್ನಿಗ್ ಗೊತ್ತಿಲ್ಲ."

"ಗೊತ್ತಿಲ್ಲ ಅನ್ಸುತ್ತೆ."

"ಗೊತ್ತಾಗಾದೂ ಬ್ಯಾಡ. ಮಗೀನ್ ಎತ್ಕಂಡಿದ್ದ. ಕೆಳಿಕ್ ನೋಡಿದ್ರೆ ಇಬ್ರೂ ಬೀಳ್ತಿದ್ರು." ಆಮೇಲೆ, "ಆ ಮರಿ ಏನಾಯ್ತು?" ಅಂದರು.

ಅದಕ್ಕೆ ಉತ್ತರ ನನಗೆ ಮಾರನೆಯ ದಿನವೂ ಸಿಗಲಿಲ್ಲ. ನಾನು ಬಟ್ಟೆಬರೆ ತರಲು ಊರಿಗೆ ಬಂದೆ. ಪೊಲೀಸರು ಬಂದು ಜನರನ್ನು ಚದುರಿಸಿದ ಮೇಲೆ, ಕತ್ತಲಾದ ಹಾಗೆ ಆನೆಗಳು ತೋಪಿನ ಕಡೆ ಹೊರಟುಹೋಗಿದ್ದವು. ದೊಡ್ಡವೆರಡು ರಸ್ತೆ ದಾಟಿದ್ದನ್ನು ವಾಚರ್ ನೋಡಿದ್ದ. ಮರಿಯನ್ನು ನೋಡಿದ್ದೆನೆಂದು ಅವನು ಆಣೆ ಇಟ್ಟು ಹೇಳಲಾರದಾದ. ಕೆರೆಯಲ್ಲೂ, ತೋಪಿನಲ್ಲೂ ಹುಡುಕಿದರು. ಸಿಗಲಿಲ್ಲ. ಬದುಕಿತ್ತೋ, ಇಲ್ಲವೋ, ನಮಗೆ ಯಾವತ್ತೂ ತಿಳಿಯಲಿಲ್ಲ.

ಹೊಲಕ್ಕೆ ಹೋದೆ. ಯಜಮಾನರು ಬದುವಿನ ಮೇಲೆ ಕೂತಿದ್ದರು. "ಆನೆ ತಿಂದಿರಾದು ಅಗೋ, ಆ ಮೂಲೆ ಅಷ್ಟೇಯ. ಮಿಕ್ಕಿದ್ದು ನೋಡಾಕ್ ಬಂದೋರ್ದು" ಅಂದರು. ನಿಂತ ರಾಗಿ ಚಾಪೆ ಹಾಸಿದ ಹಾಗೆ ಮಲಗಿತ್ತು. ಕೆರೆಯ ತುಂಬ ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ, ಬನ್ನಿನ ಕವರು. ತೋಪಿನ ಅಂಚಿನಲ್ಲಿ ಆನೆಯ ಲದ್ದಿ ಬಿದ್ದಿತ್ತು. ಅದರೊಳಗೆ ಏನೋ ಮಿನುಗುತ್ತಿತ್ತು. ಕಡ್ಡಿಯಿಂದ ಕೆದಕಿದೆ. ಚಿಪ್ಸಿನ ಪ್ಯಾಕೆಟ್ಟು, ಹಾಗೇ ಮಡಚಿಕೊಂಡಿತ್ತು. ಎಲ್ಲಿ ತಿಂದಿತ್ತೋ! ನಮ್ಮ ಕೆರೆಗಿಂತ ಮೊದಲೂ ಯಾರೋ ಅದನ್ನು ನೋಡಲು ಹೋಗಿದ್ದರು.

ಅತ್ತೆಯ ಕಾಲಿಗೆ ರಾಡು ಹಾಕಿದರು. ಮನೆಗೆ ಬಂದರು, ಕೋಲು ಹಿಡಿದು ನಡೆಯಲು ಕಲಿತರು. ಗದ್ದಲವೆಲ್ಲ ಇಳಿದ ಮೇಲೆ ಡೈರಿಯ ಮುಂದೆ ಒಂದು ಸಭೆ ಸೇರಿತು. ಫಾರೆಸ್ಟಿನವರು ಬಂದಿದ್ದರು. ಮತ್ತೆ ಆನೆ ಬಂದರೆ ಏನು ಮಾಡುವುದು ಎಂಬ ಮಾತು. ಅಂಗಡಿಯವನು "ಜನ ಬಂದ್ರೆ ಊರಿಗೂ ನಾಕ್ ಯಾಪಾರ ಆಯ್ತದೆ" ಎಂದು ರಾಗ ತೆಗೆದ. ಯಾವತ್ತೂ ಸಭೆಯಲ್ಲಿ ಮಾತಾಡದ ನಮ್ಮ ಯಜಮಾನರು ಎದ್ದು ನಿಂತರು. "ಆನೇನ ನಾವು ತಡ್ಯಾಕಾಗಲ್ಲ. ಜನಾನ ತಡೀಬೌದು. ಕಾಡಿನ್ ಪಾರ್ಕಿಗೆ ಗೇಟ್ ಇರಂಗೆ, ಆನೆ ಇರೋ ದಿನ ಮೇನ್ ರೋಡ್ ತಿರುವಲ್ಲಿ ನಮ್ದೂ ಒಂದು ಗೇಟ್ ಇರ್ಲಿ. ಊರೋರ್ ಗಾಡಿ ಬಿಟ್ಟು ಬ್ಯಾರೇವ್ಕೆ ಒಳಿಕ್ ಬುಡಾದ್ ಬ್ಯಾಡ. ಯಾರೂ ಫೋನಲ್ಲಿ ಹಾಕೋದೂ ಬ್ಯಾಡ. ಏರಿ ಮ್ಯಾಲೆ ಅಂಗಡಿ ಬ್ಯಾಡ" ಅಂದರು. ಕಲ್ಲು ಹೊಡೆದಿದ್ದ ಹಿರಿಯರು ಹಿಂದೆ ಕೂತಿದ್ದರು. ತಲೆ ಎತ್ತಲಿಲ್ಲ. ಒಪ್ಪಿದವರು ಒಪ್ಪಿದರು, ಗೊಣಗಿದವರು ಗೊಣಗಿದರು.

ಮೈದುನ ಭಾನುವಾರ ಬರುವುದನ್ನು ನಿಲ್ಲಿಸಿದ್ದ. ಶಿಫ್ಟು, ಓಟಿ ಎಂದು ನೆಪ ಹೇಳುತ್ತಿದ್ದ. ಒಂದು ಸಲ ಅವನ ಹೆಂಡತಿ ನನ್ನೊಬ್ಬಳ ಹತ್ತಿರ, "ಅಕ್ಕಾ, ಅವತ್ತಿನ್ ವೀಡಿಯೊ ಯಾವ್ದಾದ್ರೂ ಸಿಕ್ಕಿದ್ರೆ ಅದ್ನೇ ನೋಡ್ತಾ ಕೂತಿರ್ತಾರೆ. ಅತ್ತೆ ಬೀಳೋ ಜಾಗ್ದಲ್ಲಿ ನಿಲ್ಲಿಸ್ತಾರೆ, ಮತ್ತೆ ಹಾಕ್ತಾರೆ. ಏನೂ ಹೇಳಲ್ಲ" ಅಂದಳು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ, ಅತ್ತೆಯೂ ಎತ್ತಲಿಲ್ಲ.

ಮುಂದಿನ ರಾಗಿಗೆ ಆನೆಗಳು ಮತ್ತೆ ಕೆರೆಗಿಳಿದವು. ದೊಡ್ಡ ಗುಂಪು. ಅದರಲ್ಲಿ ಮರಿಗಳೂ ಇದ್ದವು. ಹೋದ ವರ್ಷದ ಆ ಮರಿ ಅದರಲ್ಲಿದೆಯಾ ಎಂದು ಅತ್ತೆ ಕೇಳಿದರು, ನನಗೆ ಗುರುತು ಹತ್ತಲಿಲ್ಲ. ಬೆಳಗ್ಗೆಯೇ ತಿರುವಿನಲ್ಲಿ ಬೊಂಬು ಅಡ್ಡ ಕಟ್ಟಿದರು. ಆದರೂ ಸುದ್ದಿ ಹೇಗೋ ಸೋರಿತ್ತು. ಕಾರುಗಳು ಬಂದವು. ನಾನು ಬೊಂಬಿನ ಹತ್ತಿರ ನಿಂತವರಿಗೆ ಮಜ್ಜಿಗೆ ತೆಗೆದುಕೊಂಡು ಹೋದರೆ, ಅಲ್ಲಿ ಮೈದುನ ನಿಂತಿದ್ದ. ಯಾರೂ ಅವನನ್ನು ಕರೆದಿರಲಿಲ್ಲ. ರಜೆ ಹಾಕಿ ಬಂದಿದ್ದ, ಮನೆಗೂ ಬಂದಿರಲಿಲ್ಲ.

ಕಾರಿನವನೊಬ್ಬ ಇಳಿದು ಬೈಯುತ್ತಿದ್ದ. "ರೋಡೇನು ನಿಮ್ಮಪ್ಪಂದಾ? ಮಕ್ಕಳಿಗೆ ಆನೆ ತೋರಿಸೋಕೆ ಅಷ್ಟು ದೂರದಿಂದ ಬಂದಿದ್ದೀವಿ."

ಮುಂಗೋಪಿ ನಮ್ಮ ಮೈದುನ. ಏನು ಮಾಡಿಬಿಡುತ್ತಾನೋ ಎಂದು ನನಗೆ ಹೆದರಿಕೆ. ಅವನು ಕಾರಿನೊಳಗೆ ಬಗ್ಗಿ ಹಿಂದಿನ ಸೀಟಿನ ಮಕ್ಕಳನ್ನು ನೋಡಿದ. "ತಿರುಗಿಸ್ಕಳ್ಳಿ ಅಣ್ಣಾ" ಅಂದ. "ನಿಮ್ ದಮ್ಮಯ್ಯ ಅಂತೀನಿ. ಮಕ್ಳನ್ ಎತ್ಕಂಡು ಅಲ್ಲಿಗ್ ಹೋಗ್ಬೇಡಿ." ಬೈಯುತ್ತಿದ್ದವನು ಯಾಕೋ ಗಾಡಿ ತಿರುಗಿಸಿದ. ಎಲ್ಲರೂ ಹಾಗೆ ತಿರುಗಲಿಲ್ಲ. ಕೆಲವರು ಪಕ್ಕದ ಹೊಲದಲ್ಲಿ ನುಗ್ಗಿದರು, ಅವರನ್ನು ವಾಚರುಗಳು ಅಟ್ಟಿಸಿಕೊಂಡು ಹೋದರು. ಆದರೆ ಏರಿಯ ಮೇಲೆ ಜನ ಇರಲಿಲ್ಲ. ಅಂಗಳದಲ್ಲಿ ನಿಂತರೆ ಆನೆಗಳು ನೀರು ಚಿಮ್ಮುವ ಸದ್ದು ಕೇಳುತ್ತಿತ್ತು.

ಬಿಸಿಲು ಇಳಿದ ಮೇಲೆ ಅವು ತಾವಾಗಿ ಎದ್ದವು. ತೋಪಿನ ಅಂಚಿನಲ್ಲಿ ಒಂದರ ಹಿಂದೆ ಒಂದು ಸಾನಮಾವಿನ ಕಡೆ ಹೋದವು. ಅತ್ತೆ ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಕೂತಿದ್ದರು.

"ಹೋದ್ವಾ?"

"ಹೋದ್ವು ಅತ್ತೆ."

"ತಿರುವಲ್ಲಿ ಯಾರವ್ರೆ?"

ಯಾರಿದ್ದಾರೆಂದು ಹೇಳಿದೆ. ಅವರು ರಸ್ತೆಯ ಕಡೆ ನೋಡಿದರು. ಮುಖದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

"ಹೋಗಿ ಕರ್ಕಂಬಾ. ಬೆಳಿಗ್ಗಿಂದ ನಿಂತವ್ನೆ. ಮುದ್ದೆ ಆರೋಯ್ತದೆ ಅನ್ನು" ಅಂದರು. ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಕಡೆ ನಡೆದೆ.